ಗುಂಡಿಗಿಳಿದ ನಗೆನಂಟಿ

ಡಾಕ್ಟರ್ ಕಿಹ್ವೆಲೆ ತೀರಿಕೊಂಡ ಸುದ್ದಿ ಬಂದಾಗ ಫೊಯಿಬೆ ಒಲೆಯ ಮುಂದೆ ಕೂತು ಜೋಳದ ಹಿಟ್ಟಿನ ಮುದ್ದೆ, ಉಗಾಲಿ ತಿರುವುತ್ತಿದ್ದಳು. ಸುದ್ದಿ ತಂದ ನರ್ಸು ಬಾಗಿಲಲ್ಲೇ ನಿಂತು ಗೊಳೋ ಎಂದು ಅತ್ತಳು. ಫೊಯಿಬೆಯೂ ಮೈಗೆ ಸುತ್ತಿದ ಕಾಂಗಾ ಬಟ್ಟೆಯ ತುದಿಯನ್ನು ಕಣ್ಣಿಗೊತ್ತಿಕೊಂಡಳು. ಆದರೆ ನಿಜ ಹೇಳಬೇಕೆಂದರೆ ಅವಳಿಗಾದದ್ದು ಸಂತೋಷ. ಇಂಥ ಸಂತೋಷ ಪಾಪವೆಂದು ಭಾನುವಾರ ಭಾನುವಾರ ಚರ್ಚಿನಲ್ಲಿ ಕೇಳಿಸಿಕೊಂಡವಳೇ ಅವಳು. ಪಾಪವಾದರೆ ಆಗಲಿ, ಈ ದಿನಕ್ಕಾಗಿಯೇ ಅಲ್ಲವೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದು ಎಂದುಕೊಂಡು ಉಗಾಲಿಯನ್ನು ಇನ್ನಷ್ಟು ರಭಸದಿಂದ ತಿರುವಿದಳು.

ಅವಳ ಗಂಡ ಯೋನಾ ಮಿಷನ್ ಆಸ್ಪತ್ರೆಯ ಡ್ರೈವರ್. ಇದ್ದ ಮನೆ ಮಿಷನ್ನಿನದು, ಉಣ್ಣುವ ಹಿಟ್ಟು ಮಿಷನ್ನಿನದು, ಮಕ್ಕಳು ಕಲಿತ ಶಾಲೆಯೂ ಮಿಷನ್ನಿನದೇ. ಅಂಥ ಕಡೆ ದೊಡ್ಡ ಡಾಕ್ಟರ ವಿರುದ್ಧ ಸಾಮಾನ್ಯರು ಯಾರೂ ಬಾಯಿ ಬಿಡುವ ಹಾಗಿಲ್ಲ. ಬಿಟ್ಟರೆ ಮಾರನೆಯ ದಿನವೇ ಪಾತ್ರೆಪಗಡ ಬೀದಿಗೆ. ಆದರೆ ಫೊಯಿಬೆಗೆ ಒಂದು ದಾರಿಯಿತ್ತು. ಡಾಕ್ಟರು ಬೆಟ್ಟದ ಕಡೆಯ ಹೆಹೆ ಜನದವರು, ಅವಳು ಬಯಲಿನ ಗೋಗೋ. ಈ ಎರಡು ಕುಲದವರು ಅಜ್ಜಂದಿರ ಕಾಲದಲ್ಲಿ ಹೊಡೆದಾಡಿ ಹೊಡೆದಾಡಿ ಸುಸ್ತಾಗಿ ಕೊನೆಗೆ ಉತಾನಿ ಮಾಡಿಕೊಂಡವರು. ಉತಾನಿ ಅಂದರೆ ನಗೆನಂಟು. ನಗೆನಂಟರು ಒಬ್ಬರನ್ನೊಬ್ಬರು ಏನು ಬೇಕಾದರೂ ಅನ್ನಬಹುದು, ಸಿಟ್ಟಾದವನೇ ಸೋತವನು. ಸಾವಿನ ಮನೆಯಲ್ಲಂತೂ ಅವರದೇ ದರ್ಬಾರು. ಸತ್ತವನ ನಡಿಗೆಯನ್ನು ಅಣಕಿಸಬಹುದು, ಪೆಟ್ಟಿಗೆಗೆ ಅಡ್ಡ ನಿಲ್ಲಬಹುದು, ತೋಡಿದ ಗುಂಡಿಗೇ ಇಳಿದು ಮಲಗಬಹುದು. ಮನೆಯವರು ಕೈಗೇನಾದರೂ ಇಟ್ಟು, ಪೂಸಿ ಹೊಡೆದು ಎಬ್ಬಿಸಬೇಕು.

ಡಾಕ್ಟರು ಬದುಕಿದ್ದಾಗಲೂ ಅಷ್ಟೇ, ಅವಳನ್ನು ಕಂಡರೆ ಸುಮ್ಮನಿರುತ್ತಿರಲಿಲ್ಲ.

"ಏನಮ್ಮ ಭಿಕ್ಷದವಳೇ, ಇವತ್ತು ರೈಲಿನವರ ಮುಂದೆ ಕೈ ಚಾಚೋಕೆ ಹೋಗ್ಲಿಲ್ವಾ?"

"ಹೊರಟಿದ್ದೆ ಡಾಕ್ಟ್ರೇ, ನಮ್ಮ ನಾಯಿ ಕಾಣಿಸ್ತಿಲ್ಲ. ನಿಮ್ಮನೆ ಗಡಿಗೆ ಮುಚ್ಚಳ ಒಂದ್ಸಲ ತೆಗೀರಿ, ನೋಡ್ಕೊಂಡು ಹೋಗ್ತೀನಿ."

ಗೋಗೋಗಳು ಭಿಕ್ಷೆ ಬೇಡುತ್ತಾರೆ ಎಂಬುದು ಹೆಹೆಗಳ ಚೇಷ್ಟೆ, ಹೆಹೆಗಳು ನಾಯಿ ತಿನ್ನುತ್ತಾರೆ ಎಂಬುದು ಗೋಗೋಗಳು ಬಿಡದೆ ಆಡಿಕೊಳ್ಳುವ ಮಾತು. ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಆಮೇಲೆ ಲೋಯಿ ಸತ್ತಳು. ಫೊಯಿಬೆಯ ಹಿರಿಮಗಳು, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವಳು. ನೋವು ಶುರುವಾಗಿ ರಾತ್ರಿ ಕಳೆದರೂ ಮಗು ಇಳಿಯಲಿಲ್ಲ. ಹೊಟ್ಟೆ ಕೊಯ್ದು ತೆಗೆಯೋಣವೆಂದರೆ ಮತ್ತು ಬರಿಸುವ ಮದ್ದು ಆಸ್ಪತ್ರೆಯಲ್ಲಿ ಮುಗಿದುಹೋಗಿತ್ತು. ಪಟ್ಟಣಕ್ಕೆ ಒಯ್ಯಬೇಕು, ಇದ್ದದ್ದು ಒಂದೇ ಗಾಡಿ. ಅದೇ ಬೆಳಿಗ್ಗೆ ಬಿಷಪ್ಪರು ರೈಲಿಳಿಯುವವರಿದ್ದರು. ಡಾಕ್ಟರು ಯೋನಾನನ್ನು ಕರೆದು, "ನಿನ್ನ ಮಗಳಿಗೆ ಇನ್ನೂ ಹೊತ್ತಿದೆ. ಮೊದಲು ಸ್ಟೇಷನ್ನಿಗೆ ಹೋಗಿ ಬಾ" ಅಂದರು. ಹೊತ್ತಿರಲಿಲ್ಲ, ಅದು ಅವರಿಗೆ ಗೊತ್ತಿತ್ತು. ಪಕ್ಕದ ಕೋಣೆಯಲ್ಲೇ ಅವರು ನರ್ಸಿಗೆ ಹೊತ್ತಿಲ್ಲ ಎಂದದ್ದನ್ನು ಫೊಯಿಬೆ ತನ್ನ ಕಿವಿಯಾರೆ ಕೇಳಿದ್ದಳು. ಓಡಿ ಹೊರಗೆ ಬರುವಷ್ಟರಲ್ಲಿ ಗಾಡಿಯ ಧೂಳು ಮಾತ್ರ ಉಳಿದಿತ್ತು. ಲೋಯಿಯನ್ನು ಹಗ್ಗದ ಮಂಚದ ಮೇಲೆ ಹೊತ್ತು ನಡೆದರು. ಅರ್ಧ ದಾರಿಯಲ್ಲೇ ಅವಳೂ ಹೋದಳು, ಹೊಟ್ಟೆಯೊಳಗಿನದೂ ಹೋಯಿತು.

ಮಣ್ಣು ಮಾಡುವಾಗ ಡಾಕ್ಟರೇ ಎದ್ದು ನಿಂತು ಮಾತಾಡಿದರು. "ಇದು ದೇವರ ಚಿತ್ತ. ನಾವು ಪ್ರಶ್ನೆ ಮಾಡಬಾರದು" ಅಂದರು. ಎಲ್ಲರೂ ಆಮೆನ್ ಅಂದರು. ಗಾಡಿಯ ಮಾತು ಯಾರೂ ಎತ್ತಲಿಲ್ಲ. ಫೊಯಿಬೆಗೆ ಮೈಯೆಲ್ಲ ಹೊತ್ತಿಕೊಂಡು ಉರಿಯಿತು. ಕೊಂದದ್ದು ಸಾಲದೆಂದು ಅದನ್ನು ದೇವರ ತಲೆಗೆ ಕಟ್ಟಿದನಲ್ಲ! ದುಃಖವನ್ನಾದರೂ ಹೇಗೋ ನುಂಗಿಯಾಳು, ಆ ಮಾತನ್ನು ನುಂಗುವುದು ಅವಳಿಂದಾಗಲಿಲ್ಲ. ಎಲ್ಲರ ಮುಂದೆ ಹೇಳಿದ ಸುಳ್ಳನ್ನು ಎಲ್ಲರ ಮುಂದೆಯೇ ಮುರಿಯಬೇಕು.

ಅಂದಿನಿಂದ ಅವಳು ಚೇಷ್ಟೆ ಬಿಡಲಿಲ್ಲ. ಬಿಟ್ಟರೆ ನಗೆನಂಟು ಸಡಿಲವಾಗಿ, ಡಾಕ್ಟರ ಗುಂಡಿಯ ಮೇಲಿನ ತನ್ನ ಹಕ್ಕು ಕೈತಪ್ಪೀತೆಂಬ ಭಯ. ಹಲ್ಲು ಕಚ್ಚಿಕೊಂಡು ನಕ್ಕಳು, ನಾಯಿ ನಾಯಿ ಎಂದು ಆಡಿದಳು. ಎಂಥ ದೊಡ್ಡ ಮನಸ್ಸು ಎಂದು ಮಿಷನ್ನಿನ ಹೆಂಗಸರು ಅವಳನ್ನು ಹೊಗಳಿದರು. ಹೊಗಳಲಿ ಬಿಡಿ, ಅವರಿಗೇನು ಗೊತ್ತು.

ಈಗ ಡಾಕ್ಟರ ಪೆಟ್ಟಿಗೆ ಅತ್ತಿಮರದ ಕೆಳಗಿನ ಗುಂಡಿಯ ಹತ್ತಿರ ಬಂದಿತ್ತು. ಆಸ್ಪತ್ರೆಯವರು, ಊರವರು, ಡಾಕ್ಟರ ಹೆಂಡತಿ ಅಗಾತಾ, ಅಂದು ರೈಲಿಳಿದ ಅದೇ ಬಿಷಪ್ ಮಡಿಂದಾ ಎಲ್ಲರೂ ಇದ್ದರು. ಫೊಯಿಬೆ ದಡಬಡ ಗುಂಡಿಗಿಳಿದು ಅಂಗಾತ ಮಲಗಿಬಿಟ್ಟಳು.

"ಜಾಗ ಇಲ್ಲ! ಈ ಹೆಹೆಯನ್ನ ಬೆಟ್ಟಕ್ಕೆ ವಾಪಸ್ ಹೊತ್ಕೊಂಡು ಹೋಗಿ. ನಮ್ಮೂರ ಮಣ್ಣಲ್ಲಿ ಹೂತರೆ ನಾಯಿಗಳೆಲ್ಲ ಊರು ಬಿಟ್ಟು ಓಡ್ತವೆ!"

ಜನ ಘೊಳ್ಳೆಂದು ನಕ್ಕರು. ಅಗಾತಾ ಕೂಡ ಅಳುವಿನ ನಡುವೆ ನಕ್ಕಳು. ಫೊಯಿಬೆ ಕಾದಿದ್ದ ಹೊತ್ತು ಇದೇ.

"ನಗ್ರಿ, ನಗ್ರಿ. ನನ್ನ ಮಗಳು ಸಾಯ್ತಿದ್ದಾಗ ಈ ಮಹಾರಾಯ ಗಾಡೀನ ಸ್ಟೇಷನ್ನಿಗೆ ಕಳಿಸ್ದ. ಹೊತ್ತಿದೆ ಅಂತ ಅವಳ ಅಪ್ಪನಿಗೇ ಸುಳ್ಳು ಹೇಳ್ದ. ಬಿಷಪ್ಪರು ಬಿಸಿಲಲ್ಲಿ ನಿಲ್ಲಬಾರದು, ನನ್ನ ಲೋಯಿ ಸತ್ತರೆ ಪರವಾಗಿಲ್ಲ. ಕೊಂದು ದೇವರ ಹೆಸರು ಹೇಳ್ದ!"

ನಗು ಇನ್ನೂ ಜೋರಾಯಿತು. "ಅಬ್ಬಬ್ಬಾ, ಲೋಯಿ ಅಮ್ಮನ ಬಾಯಿಗೆ ಸತ್ತೋನೂ ಎದ್ದು ಕೂರ್ತಾನೆ!" ಎಂದು ಯಾರೋ ಕೂಗಿದರು. ಬಿಷಪ್ಪರೂ ತಲೆಯಾಡಿಸಿ ಮುಗುಳ್ನಕ್ಕರು. ಅಗಾತಾ ಒಂದು ಕೋಳಿ ತರಿಸಿ ಗುಂಡಿಯೊಳಗೆ ಬಗ್ಗಿ ಕೊಟ್ಟಳು. "ತಗೊಳ್ಳೇ ಭಿಕ್ಷದವಳೇ, ಎದ್ದೇಳು. ನನ್ನ ಗಂಡನಿಗೆ ನಿದ್ದೆ ಬಂದಿದೆ."

ಕೋಳಿ ಎದೆಯ ಮೇಲೆ ಪಟಪಟ ರೆಕ್ಕೆ ಬಡಿಯುತ್ತಿತ್ತು. ಫೊಯಿಬೆಗೆ ಆಗ ಹೊಳೆಯಿತು, ತಾನೆಂಥ ದಡ್ಡಿ ಎಂದು. ಯಾವ ನಂಟು ಏನನ್ನಾದರೂ ಆಡಲು ಬಿಡುತ್ತದೋ, ಅದೇ ನಂಟಿನಲ್ಲಿ ಆಡಿದ ಯಾವುದನ್ನೂ ಯಾರೂ ನಂಬುವುದಿಲ್ಲ. ಇಷ್ಟು ವರ್ಷ ಜೋಪಾನ ಮಾಡಿದ ಹಕ್ಕು ಅವಳ ಮಗಳ ಸಾವನ್ನೂ ಚೇಷ್ಟೆ ಮಾಡಿ ಬಿಸಾಕಿತ್ತು. ಈಗ ಕೋಳಿ ಹಿಡಿದು ಮೇಲೆ ಬಂದರೆ ಮನೆ ಉಳಿಯುತ್ತದೆ, ಗಂಡನ ಕೆಲಸ ಉಳಿಯುತ್ತದೆ, ಆ ಸುಳ್ಳೂ ಹಾಗೇ ಉಳಿಯುತ್ತದೆ.

ಅವಳು ಮೇಲೆ ಹತ್ತಿ ಬಂದಳು. ಕೋಳಿಯನ್ನು ಅಗಾತಾಳ ಕೈಗೇ ವಾಪಸ್ಸಿಟ್ಟಳು. ಜನರ ನಗು ಅಲ್ಲಲ್ಲೇ ನಿಂತಿತು. ಕೋಳಿ ತಿರುಗಿಸಿ ಕೊಟ್ಟವರನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

"ನಂಗೆ ಬೇಡ. ನಾನು ಇವತ್ತಿಂದ ನಿಮಗೆ ನಗೆನಂಟಿ ಅಲ್ಲ. ನನ್ನನ್ನ ಬೈಬಹುದು, ಹೊಡೀಬಹುದು, ಮನೆಯಿಂದ ಹೊರಗೆ ಹಾಕಬಹುದು. ಈಗ ಇನ್ನೊಂದ್ಸಲ ಹೇಳ್ತೀನಿ. ನಿಮ್ಮ ಗಂಡ ನನ್ನ ಮಗಳನ್ನ ಕೊಂದ."

"ಏನು ಮಾತಿದು ಲೋಯಿ ಅಮ್ಮ? ಬಾಯಿ ಮುಚ್ಚು!" ಎಂದಳು ಅಗಾತಾ.

ಬಿಷಪ್ಪರ ಮುಖ ಬಿಳಿಚಿಕೊಂಡಿತ್ತು. ಅವರಿಗೆ ಆ ದಿನದ ಸಂಗತಿ ಯಾರೂ ಹೇಳಿರಲಿಲ್ಲ. ಅವರು ಪೆಟ್ಟಿಗೆಯ ಹಗ್ಗ ಹಿಡಿದಿದ್ದ ಯೋನಾನ ಕಡೆ ತಿರುಗಿದರು.

"ಲೋಯಿ ಅಪ್ಪ, ನೀನೇ ಹೇಳಪ್ಪ. ಇದು ನಿಜವಾ?"

ಯೋನಾ ಹೆಂಡತಿಯ ಮುಂದೆ ಕೂಡ ಆ ದಿನದ ಬಗ್ಗೆ ತುಟಿ ಬಿಚ್ಚಿದವನಲ್ಲ. ಹೌದೆಂದರೆ ಎಲ್ಲ ಮುಗಿಯಿತು ಎಂಬುದು ಅವನಿಗೂ ಗೊತ್ತಿತ್ತು. ಬಾಯಿಗೆ ಬೀಗ ಹಾಕಿಕೊಂಡಿರುವ ಇವನು ಈಗಲೂ ನನ್ನೊಬ್ಬಳನ್ನೇ ಬಿಡುತ್ತಾನೆ ಎಂದು ಫೊಯಿಬೆ ಅವನನ್ನೂ ಸುಡುವಂತೆ ನೋಡಿದಳು.

"ನಿಜ ಅಯ್ಯನೋರೇ" ಅಂದ ಯೋನಾ. "ಹೊತ್ತಿದೆ ಅಂದ್ರು, ಹೋದೆ. ನಿಮ್ಮ ರೈಲು ತಡ ಆಯ್ತು. ಬಿಟ್ಟು ಬರೋಣ ಅನ್ನಿಸ್ತು, ಧೈರ್ಯ ಬರ್ಲಿಲ್ಲ. ಕಾಯ್ತಾ ಕೂತೆ."

ಅವನು ಹಗ್ಗ ಸಡಿಲಿಸಿದ. ಪೆಟ್ಟಿಗೆ ಒಂದು ಕಡೆ ವಾಲಿಕೊಂಡೇ ಗುಂಡಿಗಿಳಿಯಿತು. ಬಿಷಪ್ಪರು ಪ್ರಾರ್ಥನೆ ಶುರುಮಾಡಿದರು. "ಪರಮ ತಂದೆಯೇ, ನಿನ್ನ ಚಿತ್ತ..." ಎಂಬಲ್ಲಿಗೆ ಬಂದು ತಲೆಯೆತ್ತಿದರು. ಫೊಯಿಬೆ ಅವರನ್ನೇ ನೋಡುತ್ತಿದ್ದಳು. ಬಿಷಪ್ಪರು ಅಲ್ಲಿಗೇ ಪುಸ್ತಕ ಮುಚ್ಚಿದರು.

"ನಾಳೆಯೇ ಮನೆ ಖಾಲಿ ಮಾಡಬೇಕು" ಎಂದಳು ಅಗಾತಾ, ಹಲ್ಲಿನ ಸಂದಿಯಿಂದ.

"ಮಾಡ್ತೀನಿ."

ಫೊಯಿಬೆ ಬಗ್ಗಿ ಎರಡೂ ಕೈ ತುಂಬ ಮಣ್ಣು ಬಾಚಿಕೊಂಡಳು. ಅವಳ ಉರಿ ಆರಿತ್ತೇ? ಇಲ್ಲ, ಆರಬೇಕೆಂದು ಅವಳು ಬಯಸಲೂ ಇಲ್ಲ. ಗುಂಡಿಯ ಅಂಚಿಗೆ ಹೋಗಿ ಬಲವೆಲ್ಲ ಹಾಕಿ ಮಣ್ಣನ್ನು ಪೆಟ್ಟಿಗೆಯ ಮೇಲೆ ಎಸೆದಳು.

"ಇದು ದೇವರು ಹಾಕಿದ್ದಲ್ಲ ಡಾಕ್ಟ್ರೇ" ಅಂದಳು. "ನಾನು ಹಾಕಿದ್ದು."

ಯಾರೂ ನಗಲಿಲ್ಲ.