ಬಾಕಿನ ತುದಿಯ ಹೆಣ್ಣುಮಗಳು

ಗದಗ ಸ್ಟೇಷನ್ನಿನ ಹಳಿಗಳ ಕೆಳಗಿನ ಸುರಂಗದಾರಿ ಮಳೆಗೆ ಕುಸಿದಿತ್ತು. ರಾಜ್ಯ ಒಂದಾದ ವರ್ಷ ಮತ್ತೆ ಕಟ್ಟಿದರು. ಗೋಡೆಯ ಮೇಲೆ ಏಕೀಕರಣ ಕಾಣಬೇಕೆಂದು ರೈಲ್ವೆ ಸಾಹೇಬರ ಅಪ್ಪಣೆ: ಐದು ಪ್ರಾಂತಗಳ ಪ್ರಯಾಣಿಕರು, ಕೂರಲು ಒಂದೇ ಬಾಕು. ಬೋರ್ಡು ಬರೆಯುವ ಮಲಂಗಸಾಬ ನಾಲ್ಕು ಪ್ರಾಂತಗಳನ್ನು ನಾಲ್ಕು ಬಗೆಯ ರುಮಾಲು ಸುತ್ತಿದ ಗಂಡಸರಲ್ಲಿ ಮುಗಿಸಿದ. ಐದನೆಯದಕ್ಕೆ ರುಮಾಲು ಹೊಳೆಯದೆ, ತುದಿಯಲ್ಲಿ ಹೆಂಡತಿ ಅಖ್ತರಿಯನ್ನು ಕೂರಿಸಿದ. ಅವಳು ತೀರಿಕೊಂಡು ವರ್ಷವಾಗಿತ್ತು. ಫೋಟೋ ತೆಗೆಸಿಕೊಂಡವಳಲ್ಲ, ಆ ಮುಖ ಉಳಿದದ್ದು ಆ ಗೋಡೆಯ ಮೇಲೆ ಮಾತ್ರ. ಯಾರಿಗೂ ಹೇಳದೆ, ಕೆಲಸವಿರಲಿ ಬಿಡಲಿ, ದಿನಾ ಆ ದಾರಿಯಿಂದಲೇ ಓಡಾಡಿದ.

ಮೆಟ್ಟಿಲ ಬಳಿ ಹೂ ಮಾರುವ ದೇವವ್ವನಿಗೆ ಚಿತ್ರದಲ್ಲಿ ಒಂದು ಕೊರತೆ ಕಂಡಿತು.

"ಯವ್ವಾ, ಹಣಿ ಬೋಳ ಬಿಟ್ಟಾನಲ್ಲ! ನಾಕ ಮಂದಿ ಗಂಡಸರ ಕೂಡ ಕುಂತಾಕಿಗೆ ಕುಂಕುಮಾರ ಬ್ಯಾಡೇನು?"

ತಾನೇ ಹಚ್ಚಿದಳು. ಕುಂಕುಮದ ಹಿಂದೆ ಹೂ ಬಂತು, ಹೂವಿನ ಹಿಂದೆ ಎಣ್ಣೆದೀಪ. ಮುಂಡರಗಿ ಬಸ್ಸಿಗೆ ಓಡುವವರೂ ನಿಂತು ಕೈಮುಗಿದರು. ಉಳಿದ ನಾಲ್ಕು ಪ್ರಾಂತಗಳನ್ನು ಯಾರೂ ಕೇಳಲಿಲ್ಲ.

ಮಲಂಗಸಾಬ ದಿನಾ ನಸುಕಿನಲ್ಲೇ, ಯಾರೂ ಬರುವ ಮೊದಲು ಬಂದು ಒದ್ದೆ ಅರಿವೆಯಿಂದ ಅಖ್ತರಿಯ ಮುಖ ಒರೆಸತೊಡಗಿದ.

"ನೋಡ್ರಲೇ, ದಿನಾ ತಾನ ಮಾರಿ ತೊಳಕೊಂಡು ಕುಂತಿರ್ತಾಳ. ಖರೇ ದೇವಿ!" ಎಂದ ಹರ್ತಿಯ ಹೊಳೆಯಪ್ಪ.

ಖಬರು ಹಬ್ಬಿ ಕಳಸಾಪುರದಿಂದಲೂ ಜನ ಬಂದರು. ಎಣ್ಣೆ ಹೆಚ್ಚಿದಷ್ಟೂ ಒರೆಸುವುದು ಹೆಚ್ಚಿತು, ಒರೆಸಿದಷ್ಟೂ ಭಕ್ತಿ. ಒಂದು ದಿನ ಅರಿವೆಗೆ ಕುಂಕುಮದ ಜೊತೆ ತುಟಿಯ ಬಣ್ಣವೂ ಅಂಟಿಕೊಂಡು ಬಂತು. ಅವತ್ತೇ ಅವನು ದೇವವ್ವನ ಮುಂದೆ ಕುಕ್ಕರಿಸಿದ.

"ಅದು ದೇವಿ ಅಲ್ಲ ಯವ್ವಾ. ನಮ್ಮ ಅಖ್ತರಿ. ದಿನಾ ಮಾರಿ ಒರಸಾಂವ ನಾನ."

ಹೂ ಕಟ್ಟುವ ಕೈ ನಿಂತಿತು. "ಅಯ್ಯ ಮಲಂಗಣ್ಣಾ, ಮೊದ್ಲ ಹೇಳಾಕ ಏನಾಗಿತ್ತೋ ನಿನಗ? ಇಷ್ಟ ಮಂದೀಗೆ ಈಗ ಏನಂತ ಹೇಳೂದು?"

ಬಿಡಿಹೂಗಳನ್ನು ಬುಟ್ಟಿಗೆ ಸರಿಸಿದಳು.

"ನೀ ಒರಸೂದು ಬಿಡು," ಎಂದಳು ಕಡೆಗೆ. "ಮಾರಿ ತೊಳಕೊಳ್ಳಲಿಲ್ಲಂದ್ರ ಜನಾ ತಾವ ಬಿಡ್ತಾರ."

ಬಿಟ್ಟ. ದೇವಿ ಮುನಿಸಿಕೊಂಡಳೆಂದು ಮೊದಲು ಎಣ್ಣೆ ಇಮ್ಮಡಿಯಾಯಿತು. ಚಳಿಗಾಲ ಕಳೆಯುವಷ್ಟರಲ್ಲಿ ಎದ್ದು ಹೋದಳೆಂದು ತೀರ್ಮಾನವಾಗಿ ಜನ ಬರುವುದು ನಿಂತಿತು. ಆ ಹೊತ್ತಿಗೆ ಮುಖದ ಮೇಲೆ ಕುಂಕುಮ, ಮಸಿ, ಜಿಡ್ಡು ಸೇರಿ ದಪ್ಪಗೆ ಹಕ್ಕಳೆಗಟ್ಟಿತ್ತು.

ಈಗ ಗಾಡಿ ಇಲ್ಲದ ಮಧ್ಯಾಹ್ನಗಳಲ್ಲಿ ಮಲಂಗಸಾಬ ಬಣ್ಣ ಕೆರೆಯುವ ತಗಡನ್ನು ಕಿಸೆಯಲ್ಲಿಟ್ಟುಕೊಂಡು ಬಂದು ಗೋಡೆಯ ಎದುರು ಕೂರುತ್ತಾನೆ. ತಗಡು ಕಿಸೆಯಲ್ಲೇ ಇರುತ್ತದೆ.

"ಒಂಚೂರು ಕೆರದರ ನೋಡೋ," ಎಂದಳು ಒಂದು ದಿನ ದೇವವ್ವ.

"ಒಳಗ ಅದಾಳಂತ ತಿಳಕೊಂಡೀನಿ. ಕೆರದು ನೋಡಿ, ಇಲ್ಲಂದ್ರ?"

ದೇವವ್ವ ಬುಟ್ಟಿ ಎತ್ತಿಕೊಂಡು ಮೆಟ್ಟಿಲು ಹತ್ತಿದಳು.