ಆರು ಜಿಬಿಯ ಹಗ್ಗ

ರೋಪ್‌ವೇಯ ಉಕ್ಕಿನ ಹಗ್ಗವನ್ನು ಅಂಗುಲಂಗುಲ ಪರೀಕ್ಷಿಸುವುದು ಅವಳ ಕೆಲಸ. ಅದಕ್ಕೇ ಜೊತೆಯವರೆಲ್ಲ ‘ಭೂತಗನ್ನಡಿ’ ಎನ್ನುತ್ತಿದ್ದರು. ಆ ಬೆಳಿಗ್ಗೆ ಕ್ಯಾಮೆರಾದ ವಿಡಿಯೋದಲ್ಲಿ ಹಗ್ಗದ ಎಳೆಗಳು ಒಂದು ಕಡೆ ಪೊರಕೆಯಂತೆ ಕೆದರಿದ್ದು ಅವಳ ಕಣ್ಣಿಗೆ ಬಿತ್ತು. ಒಂಬತ್ತಕ್ಕೆ ಜನರನ್ನು ಹೊತ್ತು ಮೊದಲ ಕ್ಯಾಬಿನ್ ಹೊರಡಬೇಕು. ಆಗಲೇ ಎಂಟೂವರೆ.

ವಿಡಿಯೋ ಇದ್ದ ಡಿಸ್ಕನ್ನು ತನ್ನ ಲ್ಯಾಪ್‌ಟಾಪಿನಿಂದ ಕಿತ್ತುಕೊಂಡು ಮ್ಯಾನೇಜರ್ ಕೋಣೆಗೆ ಓಡಿದಳು.

“ಸಾರ್, ಇವತ್ತು ಓಡಿಸೋದು ಬೇಡ.”

“ಬರೀ ಬಾಯಿಮಾತಿಗೆ ನಿಲ್ಲಿಸೋಕಾಗಲ್ಲಮ್ಮ. ಎಷ್ಟು ಎಳೆ ಹೋಗಿದೆ ಅಂತ ಎಣಿಸೋ ಪ್ರೋಗ್ರಾಂ ನನ್ನ ಕಂಪ್ಯೂಟರಲ್ಲಿದೆ. ಅದು ಹೇಳಲಿ.”

ಡಿಸ್ಕ್ ಚುಚ್ಚಿದ್ದೇ ತಡ, ಫಾರ್ಮ್ಯಾಟ್ ಮಾಡಲೇ ಎಂದು ಪರದೆ ಕೇಳಿತು. ಮ್ಯಾನೇಜರ್ ಬೆರಳು ಮೌಸಿನ ಮೇಲಿತ್ತು. ಅವಳು ಅವರ ಮಣಿಕಟ್ಟನ್ನೇ ಹಿಡಿದುಬಿಟ್ಟಳು.

“ಒತ್ತಬೇಡಿ, ಎಲ್ಲ ಅಳಿಸಿಹೋಗುತ್ತೆ. ಇರೋದು ಇದೊಂದೇ ಪ್ರತಿ. ನನ್ನ ಲಿನಕ್ಸ್‌ನಲ್ಲಿ ತಯಾರಾದ ಡಿಸ್ಕು, ನಿಮ್ಮ ವಿಂಡೋಸ್‌ಗೆ ಓದೋಕೆ ಬರಲ್ಲ.”

ತನ್ನ ಕೋಣೆಗೆ ಬಂದು ಪೆನ್‌ಡ್ರೈವ್‌ಗೆ ನಕಲು ಹಾಕಿದಳು. ನಾಲ್ಕು ಜಿಬಿಗೆ ಬಂದು ನಿಂತಿತು. ಪೆನ್‌ಡ್ರೈವ್‌ನ ಫಾರ್ಮ್ಯಾಟ್ ಫ್ಯಾಟ್ ಥರ್ಟಿಟೂ ಎಂಬ ಹಳೇ ಬಗೆ. ಎಲ್ಲ ಕಂಪ್ಯೂಟರಿಗೂ ಒಗ್ಗುತ್ತದೆ, ಆದರೆ ನಾಲ್ಕು ಜಿಬಿಗಿಂತ ದೊಡ್ಡ ಫೈಲು ಹಿಡಿಸುವುದಿಲ್ಲ. ಹಗ್ಗದ ಫೈಲು ಆರು ಜಿಬಿ. ವಿಂಡೋಸಿನ ಎನ್‌ಟಿಎಫ್‌ಎಸ್ ಬಗೆಗೆ ಬದಲಿಸಿದರೆ ಈ ಹಳೇ ಲ್ಯಾಪ್‌ಟಾಪ್ ಬರೆಯುವಾಗ ತಕರಾರು ತೆಗೆಯುತ್ತಿತ್ತು. ಎರಡೂ ಕಡೆಗೆ ಹೊಂದುವ ಬಗೆ ಎಕ್ಸ್‌ಫ್ಯಾಟ್ ಒಂದೇ; ಪೆನ್‌ಡ್ರೈವನ್ನು ಅಳಿಸಿ ಹಾಗೆ ಮಾಡಬೇಕು.

ಕಿಟಕಿಯಾಚೆ, ಕ್ಯಾಬಿನ್‌ಗೆ ಕಾದವರ ಸಾಲಿನ ಮೊದಲಲ್ಲೇ ಅವಳ ತಂಗಿ. ಬೆಟ್ಟದ ಮೇಲಿನ ಆಸ್ಪತ್ರೆಯಲ್ಲಿ ನರ್ಸು.

“ನೀನು ಹತ್ತಬೇಡ ಕಣೇ,” ಎಂದಳು, ಕಿಟಕಿಯಿಂದ ಬಗ್ಗಿ.

ತಂಗಿ ಹಿಂದಿದ್ದವರನ್ನು ತಿರುಗಿ ನೋಡಿದಳು. “ಮತ್ತೆ ಇವರೆಲ್ಲ, ಅಕ್ಕ?”

ಅವಳು ಲ್ಯಾಪ್‌ಟಾಪಿನತ್ತ ತಿರುಗಿದಳು. ಪರದೆಯಲ್ಲಿ ಡಿಸ್ಕು, ಪೆನ್‌ಡ್ರೈವ್ ಎರಡರ ಹೆಸರೂ ಇತ್ತು. ಯಾವುದನ್ನು ಅಳಿಸಲಿ ಎಂದು ಯಂತ್ರ ಕೇಳುತ್ತಿತ್ತು. ತಪ್ಪು ಸಾಲು ಮುಟ್ಟಿದರೆ ಹಗ್ಗದ ಸಾಕ್ಷಿಯೇ ಮಾಯ. ಮೊದಲು ಡಿಸ್ಕನ್ನು ಕಿತ್ತು ಮಡಿಲಲ್ಲಿಟ್ಟುಕೊಂಡಳು. ಉಳಿದದ್ದು ಒಂದೇ ಹೆಸರು. ಒತ್ತಿದಳು. ಮತ್ತೆ ಡಿಸ್ಕ್ ಚುಚ್ಚಿ ನಕಲು ಹಾಕಿದಳು. ಎಂಟು ಐವತ್ತು. ಮುಗಿಯುವ ಮುನ್ನ ಪೆನ್‌ಡ್ರೈವ್ ಎಳೆದುಬಿಡುವ ಆತುರವನ್ನು ಹಲ್ಲು ಕಚ್ಚಿ ತಡೆದಳು.

ಒಂಬತ್ತಕ್ಕೆ ಮೂರು ನಿಮಿಷವಿದ್ದಾಗ ಫೈಲು ಮ್ಯಾನೇಜರ್ ಪರದೆಯಲ್ಲಿ ತೆರೆದುಕೊಂಡಿತು. ತುಂಡಾದ ಎಳೆಗಳ ಎಣಿಕೆ ಇಪ್ಪತ್ತು ದಾಟಿತು, ಮೂವತ್ತು ದಾಟಿತು. ಮ್ಯಾನೇಜರ್ ಪೂರ್ತಿಯಾಗಲು ಕಾಯಲೂ ಇಲ್ಲ. ಮೈಕು ಎತ್ತಿಕೊಂಡು, “ಯಾರೂ ಹತ್ತಬೇಡಿ, ಹತ್ತಿದವರು ಇಳೀರಿ,” ಎಂದರು.

ಹಗ್ಗ ಬದಲಿಸಲು ಹನ್ನೊಂದು ದಿನ ಹಿಡಿಯಿತು. ಆ ಬೆಳಿಗ್ಗೆ ಮೆಟ್ಟಿಲ ಮೇಲೆ ಕುಸಿದು ಕೂತವಳ ಪಕ್ಕದಲ್ಲಿ ತಂಗಿ ಬಂದು ಕೂತು, ಅವಳ ನಾಡಿ ಹಿಡಿದಳು.