ಸೋದರಮಾವನ ತೊಡೆ

ನಮ್ಮ ದೊಡ್ಡಪ್ಪನ ಮಗ ಮಲ್ಲಿಕಾರ್ಜುನಸ್ವಾಮಿ ಮಹಾ ಮರ್ಯಾದಸ್ಥ. ಮಾಂಬಳ್ಳಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಹಾಗೇ ಹೇಳುತ್ತಾರೆ. ಬೀದಿಗೆ ಇಳಿದನೆಂದರೆ ಇಸ್ತ್ರಿ ಮುರಿಯದ ಬಿಳಿ ಅಂಗಿ, ಹಣೆ ತುಂಬ ವಿಭೂತಿ, ಹೆಗಲ ಮೇಲೆ ಜರಿ ಅಂಚಿನ ಟವೆಲ್ಲು. ಆ ಮರ್ಯಾದೆಯನ್ನು ಯಳಂದೂರಿನ ಬಳೆಮಂಟಪದ ಮುಂದೆ ನಾನು ಅವನ ಕೈಗೇ ವಾಪಸ್ ಕೊಟ್ಟೆ. ದೀಪಶ್ರೀಗೆ ಬಾಯಿ ಜಾಸ್ತಿ ಅಂತ ಈಗ ನೆಂಟರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನನಗೇನು? ಕೊಳ್ಳೇಗಾಲದ ಡಿಪೋದಲ್ಲಿ ಕಂಡಕ್ಟರ್ ನಾನು. ಬಾಯಿಲ್ಲದಿದ್ದರೆ ನನ್ನ ಬಸ್ಸು ಸ್ಟ್ಯಾಂಡು ಬಿಟ್ಟು ಹೊರಡುವುದೇ ಇಲ್ಲ.

ವಿಷಯ ಇಷ್ಟೆ. ನನ್ನ ಅಕ್ಕ ಮಧುಶ್ರೀಯ ಮಗನಿಗೆ ಬಿಳಿಗಿರಿರಂಗನ ಬೆಟ್ಟದಲ್ಲಿ ಮುಡಿ ಕೊಡಬೇಕಿತ್ತು. ಹುಟ್ಟುಗೂದಲು ತೆಗೆಸುವಾಗ ಮಗು ಕೂರಬೇಕಾದದ್ದು ಸೋದರಮಾವನ ತೊಡೆಯ ಮೇಲೆ. ನಮಗೆ ಅಣ್ಣತಮ್ಮಂದಿರಿಲ್ಲ, ನಾವಿಬ್ಬರೇ ಹೆಣ್ಣು. ಹಾಗಾಗಿ ಮಾವ ಅಂತ ಕೂರಬೇಕಾದವನು ದೊಡ್ಡಪ್ಪನ ಮಗ ಮಲ್ಲಣ್ಣ. ತೊಡೆ ಸಿಗದ ಮಗುವನ್ನು ನಮ್ಮ ಕಡೆ ತಾಯಿಮನೆಗೆ ಬೇಡವಾದ ಕೂಸು ಅನ್ನುತ್ತಾರೆ. ಒಂದು ಸಲ ಅನ್ನಿಸಿಕೊಂಡರೆ ಮುಗಿಯಿತು, ಅದು ಆ ಮಗುವಿನ ಮದುವೆ ಚಪ್ಪರದವರೆಗೂ ಹಿಂದೆ ಬರುತ್ತದೆ.

ಬೇಡ ಅನ್ನುವುದಕ್ಕೆ ನಮ್ಮವರ ಹತ್ತಿರ ಕಾರಣವೂ ಇತ್ತು. ಅಕ್ಕ ಕಟ್ಟಿಕೊಂಡದ್ದು ಹನೂರು ಕಡೆಯ ರಾಜಣ್ಣನನ್ನು. ನಮ್ಮ ಜಾತಿಯವನಲ್ಲ. ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಇಬ್ಬರಿಗೂ ಕೆಲಸವಿತ್ತು, ಮನಸ್ಸು ಕೂಡಿತು, ರಿಜಿಸ್ಟ್ರಾರ್ ಆಫೀಸಿನಲ್ಲಿ ಹಾರ ಹಾಕಿಕೊಂಡರು. ಅವತ್ತಿನಿಂದ ನಮ್ಮಪ್ಪ ಶಿವರುದ್ರಸ್ವಾಮಿ, ಅಕ್ಕನ ಹೆಸರು ಕಿವಿಗೆ ಬಿದ್ದರೆ ಸಾಕು, ಟಿ.ವಿ. ಸೌಂಡು ಜಾಸ್ತಿ ಮಾಡುತ್ತಾರೆ. ಅವ್ವ ಇದ್ದಿದ್ದರೆ ಬೇರೆ ಮಾತು. ಅವ್ವ ಇಲ್ಲ.

ಮಲ್ಲಣ್ಣ ಮಾತ್ರ ಫೋನಿನಲ್ಲಿ, "ಬತ್ತೀನಿ ಬುಡವ್ವ ಮಧು, ಒಡುಟ್ಟಿದೋರು ಎಲ್ಲೋದರು" ಅಂದಿದ್ದ. ಅಕ್ಕ ಆ ಒಂದು ಮಾತು ಹಿಡಿದುಕೊಂಡು ವಾರವೆಲ್ಲ ಕುಣಿದಾಡಿದಳು. ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಅಣ್ಣ ಬರುತ್ತೇನೆ ಅಂದದ್ದಕ್ಕೇ ಇಷ್ಟು ಸಂತೋಷ ಪಡುವ ಗತಿ ನನ್ನ ಅಕ್ಕನಿಗೆ ಯಾಕೆ ಬರಬೇಕಿತ್ತು?

ಕೊಳ್ಳೇಗಾಲದಿಂದ ಬಾಡಿಗೆ ವ್ಯಾನಿನಲ್ಲಿ ಹೊರಟೆವು. ಅಕ್ಕ, ಭಾವ, ಮಗು, ಭಾವನ ಅಪ್ಪ ಶಿವನಂಜಯ್ಯ, ಅವ್ವ ಸೋಮಮ್ಮ, ನಾನು. ಬೆಟ್ಟದ ರಂಗಪ್ಪನೇ ಭಾವನ ಕಡೆಯವರ ಮನೆದೇವರು. ಬೆಟ್ಟಕ್ಕೆ ಎಷ್ಟೋ ಸಲ ಹೋಗಿ ಬಂದಿದ್ದರೂ ಯಳಂದೂರಿನಲ್ಲಿ ಒಂದು ದಿನವೂ ಇಳಿದವರಲ್ಲ. ಮಲ್ಲಣ್ಣ ಅಲ್ಲೇ ಬಂದು ಸೇರಿಕೊಳ್ಳುತ್ತೇನೆ ಅಂದಿದ್ದರಿಂದ ಗೌರೀಶ್ವರನ ಗುಡಿಯ ಮುಂದೆ ಗಾಡಿ ನಿಲ್ಲಿಸಿದೆವು.

ಆ ಗುಡಿಯ ಹೆಬ್ಬಾಗಿಲೇ ಬಳೆಮಂಟಪ. ಗೋಡೆ ತುಂಬ ಸಾಲುಸಾಲಾಗಿ ದೇವರು, ಮೂಲೆಗಳಲ್ಲಿ ಮೇಲಿನಿಂದ ಇಳಿಬಿದ್ದ ಕಲ್ಲಿನ ಬಳೆಗಳು, ಒಂದರೊಳಗೆ ಒಂದು. ಪಾಳೆಯಗಾರರ ಕಾಲದ ಕೆಲಸ. ಸೋಮಮ್ಮ ತಲೆ ಎತ್ತಿ ನೋಡುತ್ತ ನಿಂತೇಬಿಟ್ಟರು. "ಅಯ್ ಶಿವನೇ, ಎಲ್ಲೂ ಬೆಸುಗೆನೇ ಕಾಣದಲ್ಲವ್ವಾ!" ಅಂದರು. "ಬೆಸುಗೆ ಆಕಿಲ್ಲ ಕಣತ್ತೆ, ಒಂದೇ ಕಲ್ನಲ್ಲಿ ಕಡೆದಿರದು" ಅಂತ ಅಕ್ಕ ಹೇಳಿದಳು. ಕೆಲವು ಬಳೆ ಮುರಿದು ಹೋಗಿದ್ದವು. ಸೋಮಮ್ಮ ಅದಕ್ಕೂ ಮರುಗಿದರು. ಅಂಥ ಹೆಂಗಸು.

ಮಲ್ಲಣ್ಣ ಬಂದ. ಬಂದವನು ಮಗುವಿನ ಮುಖ ನೋಡುವ ಮೊದಲೇ ಮಂಟಪ ತೋರಿಸಿ ಭಾಷಣಕ್ಕೆ ಶುರುವಿಟ್ಟ. "ಇದು ಸಾಮಾನ್ಯದ ಊರಲ್ಲ ಕಣ್ರಿ. ರಾಜ್ರು ಆಳಿರೋ ಸೀಮೆ. ಆಗ್ಲಿಂದ್ಲೂ ನಮ್ ಮನೆತನ ಕಟ್ಟು ಮೀರಿಲ್ಲ." ಶಿವನಂಜಯ್ಯ ಪಾಪ, ಹೂಂ ಹೂಂ ಅನ್ನುತ್ತಿದ್ದರು. ಅಕ್ಕ ಮಗುವನ್ನು ಅವನ ಕೈಗೆ ಕೊಡಲು ಹೋದಳು. ಅವನು ಒಂದು ಹೆಜ್ಜೆ ಹಿಂದೆ ಸರಿದ.

"ನೋಡವ್ವ ಮಧು, ಬೇಜಾರ್ ಮಾಡ್ಕಬೇಡ. ನಾನು ಬೆಟ್ಟಕ್ಕೆ ಬತ್ತೀನಿ. ಆದ್ರೆ ತೊಡೆ ಮ್ಯಾಲೆ ಕೂರುಸ್ಕಳದು ಆಗಕಿಲ್ಲ. ನಂಗೂ ಎಣ್ಮಕ್ಳವೆ, ನಾಳೆ ಸಂಬಂದ ಉಡುಕ್ಬೇಕು." ಹೀಗಂದು ಹೆಗಲಿನ ಟವೆಲ್ಲು ತೆಗೆದು ಅಕ್ಕನ ಮುಂದೆ ಹಿಡಿದ. "ಒಂದು ಮಣೆ ಮ್ಯಾಲೆ ಇದ ಆಸ್ಬುಟ್ಟು ಕೂಸ್ನ ಕೂರ್ಸಿ. ನನ್ ಟವೆಲ್ ಅಂದ್ರೆ ನಾನೇ ಅಂದ್ಕಳಿ. ಶಾಸ್ತ್ರನೂ ಆಯ್ತದೆ, ನಮ್ ಮರ್ವಾದೆನೂ ಉಳೀತದೆ."

ಅಕ್ಕನ ಮುಖ ನೋಡಬೇಕಿತ್ತು ನೀವು. ಅವಳು ಅಳಲಿಲ್ಲ. ಮಗುವಿನ ಟೋಪಿ ಸರಿಮಾಡಿದಳು, ಮತ್ತೆ ಸರಿಮಾಡಿದಳು, ಆಮೇಲೆ ನಿಧಾನವಾಗಿ ಟವೆಲ್ಲಿಗೆ ಕೈ ಚಾಚಿದಳು. ಅಷ್ಟಾದರೂ ಸಿಕ್ಕಿತಲ್ಲ ಅನ್ನುವ ಹಾಗೆ ಕೈ ಚಾಚಿದಳು ನನ್ನ ಅಕ್ಕ! ಅವಳ ಕೈಗೆ ಸಿಗುವ ಮೊದಲೇ ನಾನು ಕಿತ್ತುಕೊಂಡೆ.

"ಮಲ್ಲಣ್ಣ, ಸಂತೆ ದಿನ ನಮ್ ಬಸ್ಗೆ ಯಾವತ್ತಾರ ಅತ್ತಿದ್ಯಾ?"

"ಯಾಕಮ್ಮಿ ದೀಪಿ?"

"ಕಿಟಕೀಲಿ ಟವೆಲ್ ಎಸ್ದು ಸೀಟು ಇಡೀತರೆ. ಟವೆಲ್ ಆಕ್ದೋನು ಅತ್ತಿ ಬಂದ್ರೆ ಸೀಟು ಅವಂದು. ಬರ್ನಿಲ್ಲ ಅಂದ್ರೆ ನಾನು ಟವೆಲ್ ತಗ್ದು ಆಚಿಗ್ ಕೊಟ್ಬುಟ್ಟು, ನಿಂತಿರೋರ್ನ ಕೂರುಸ್ತೀನಿ. ತಕ್ಕೊ ನಿನ್ ಟವೆಲ್ಲ."

ಮಡಿಸಿ ಅವನ ಕೈಯಲ್ಲಿಟ್ಟೆ. ಮಂಟಪ ನೋಡಲು ಬಂದ ಯಾರೋ ಇಬ್ಬರು ಕಿಸಕ್ಕನೆ ನಕ್ಕರು. ಮಲ್ಲಣ್ಣನ ಕಿವಿ ಕೆಂಪಾಯಿತು. ಆದರೂ ಆಸಾಮಿ ಮನೆಗೆ ಹೋಗಲಿಲ್ಲ. ಅವನ ಅವ್ವ ಬೆಟ್ಟದ ಪ್ರಸಾದ ತರಲು ಹೇಳಿದ್ದಾಳೆ ಅಂತ ನೆಪ ತೆಗೆದು ವ್ಯಾನಿನ ಮುಂದಿನ ಸೀಟಿನಲ್ಲೇ ಹೋಗಿ ಕೂತ. ಮೇಲೆ ಹೋದ ಮೇಲೆ ತೊಡೆ ಇಲ್ಲದೆ ಒದ್ದಾಡುತ್ತಾರೆ, ಆ ಟವೆಲ್ಲಿಗೇ ಬಂದು ಕೈ ಒಡ್ಡುತ್ತಾರೆ ಅಂತ ಅವನ ಲೆಕ್ಕ. ನನಗೆ ಗೊತ್ತಿಲ್ಲವೆ ಅವನು?

ಗುಂಬಳ್ಳಿ ಚೆಕ್‌ಪೋಸ್ಟು ದಾಟಿದ್ದೇ ಕಾಡು ಶುರುವಾಯಿತು. ತಿರುವಿನ ಮೇಲೆ ತಿರುವು, ಎರಡೂ ಕಡೆ ಬಿದಿರು, ಕೆಳಗೆ ನಾವು ಬಿಟ್ಟು ಬಂದ ಗದ್ದೆ ಬಯಲು ಚಿಕ್ಕದಾಗುತ್ತ ಹೋಯಿತು. ಒಂದು ತಿರುವಿನಲ್ಲಿ ಕಾಟಿಗಳ, ಅಂದರೆ ಕಾಡೆಮ್ಮೆಗಳ, ಹಿಂಡು ರಸ್ತೆಗೆ ಅಡ್ಡ ನಿಂತಿತ್ತು. ಡ್ರೈವರು ಎಂಜಿನ್ ಆಫ್ ಮಾಡಿದ. ಬೇರೆ ದಿನವಾಗಿದ್ದರೆ ಅಕ್ಕ ಮಗುವಿಗೆ ಬೆರಳು ಮಾಡಿ ತೋರಿಸುತ್ತಿದ್ದಳು. ಅವತ್ತು ಅವಳು ಕಿಟಕಿಗೆ ಹಣೆ ಆನಿಸಿಕೊಂಡು ಕೂತಿದ್ದಳು. ಮಗುವಿಗೆ ಕಾಟಿ ತೋರಿಸಿದ್ದು ನಾನು.

"ನಾನೇ ಕೂರುಸ್ಕತೀನಿ, ಏನಾಯ್ತದೆ?" ಅಂದ ರಾಜಣ್ಣ ಭಾವ.

"ಅಪ್ಪ ಆದೋನು ಕೂರುಸ್ಕಂಡ್ರೆ ಮಾವ ಇಲ್ಲ ಅಂತ ಸಾರ್ದಂಗೆ ಆಯ್ತದೆ ಕಣ್ಲಾ" ಅಂದರು ಶಿವನಂಜಯ್ಯ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಿಗಿಲಿತ್ತು. ಮುಂದಿನ ಸೀಟಿನಲ್ಲಿ ಮಲ್ಲಣ್ಣ ಕೆಮ್ಮಿದ.

ಬೆಟ್ಟದ ಮೇಲೆ ಗಾಳಿ ತಣ್ಣಗಿತ್ತು. ಗುಡಿಯ ಪಕ್ಕದ ಬಿಳಿ ಬಂಡೆಯ ಅಂಚಿಗೆ ನಿಂತರೆ ಕಣ್ಣು ಹಾಯುವಷ್ಟು ದೂರ ಬೆಟ್ಟ, ಅದರ ಹಿಂದೆ ಮತ್ತೆ ಬೆಟ್ಟ. ಮುಡಿ ತೆಗೆಯುವ ಜಾಗದಲ್ಲಿ ನಾಗಯ್ಯ ಅನ್ನುವವರು ಕತ್ತಿ ಒರೆಸುತ್ತ ಕೂತಿದ್ದರು. ಮಗುವಿನ ತಲೆಗೆ ನೀರು ಚಿಮುಕಿಸಿ ಕೇಳಿದರು:

"ಸೋದರಮಾವ ಯಾರು? ಬಂದು ಕೂತ್ಕಳಿ."

ಮಲ್ಲಣ್ಣ ಹೆಗಲ ಮೇಲಿನ ಟವೆಲ್ಲನ್ನು ಮುಟ್ಟಿ ನೋಡಿಕೊಂಡ. ಬನ್ನಿ, ಕೇಳಿ ಅನ್ನುವ ಹಾಗೆ.

"ನಾನೇ" ಅಂದೆ.

ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ನಾಗಯ್ಯ ಕತ್ತಿ ಹಿಡಿದ ಕೈ ಹಾಗೇ ನಿಲ್ಲಿಸಿ ನನ್ನನ್ನೇ ನೋಡಿದರು. ಸೋಮಮ್ಮ ಓಡಿ ಬಂದು ನನ್ನ ಭುಜ ಹಿಡಿದರು. "ಬ್ಯಾಡ ಕಣವ್ವಾ, ಎಂಗುಸ್ರು ಕೂತಿರದ ನಾ ಎಲ್ಲೂ ಕಾಣಿ. ಕೂಸ್ಗೆ ಏನಾರ ಎಚ್ಚುಕಮ್ಮಿ ಆದ್ರೆ?" ಮಲ್ಲಣ್ಣನಿಗೆ ಉತ್ತರ ಕೊಡುವುದು ಸುಲಭ. ಮೊಮ್ಮಗನಿಗಾಗಿ ಹೆದರುವ ಅಜ್ಜಿಗೆ ಏನು ಹೇಳಲಿ?

ಮಾತಾಡಿದವಳು ಅಕ್ಕ. "ಅತ್ತೆ, ನನ್ ತಾಯಿಮನೆ ಅಂದ್ರೆ ಇವತ್ತು ಇವಳೊಬ್ಳೆಯ. ಮನ್ಸಿಲ್ದೋರ್ ಟವೆಲ್ ಮ್ಯಾಲೆ ನನ್ ಮಗ ಕೂರದು ಬ್ಯಾಡ." ಹೇಳುತ್ತ ಹೇಳುತ್ತ ಅವಳ ದನಿ ಗಟ್ಟಿಯಾಯಿತು. ಸುತ್ತಲಿದ್ದವರು ತಿರುಗಿ ನೋಡಿದರು. ನೋಡಲಿ ಅಂತಲೇ ಅವಳು ಇನ್ನೂ ಜೋರಾಗಿ ಹೇಳಿದಳು, "ಇವಳ ತೊಡೆ ಮ್ಯಾಲೆ ಕೂರ್ಲಿ!"

ಶಿವನಂಜಯ್ಯ ಗುಡಿಯ ಕಡೆ ತಿರುಗಿ ಕೈ ಮುಗಿದರು. "ರಂಗಪ್ಪ ತೊಡೆ ನೋಡ್ತನೋ, ಉಟ್ಟಿರೋದು ಪಂಚೆನೋ ಸೀರೆನೋ ಅಂತ ನೋಡ್ತನೋ? ಕೂರ್ಸಮ್ಮಿ ಸೋಮಿ ಕೂಸ್ನ." ಸೋಮಮ್ಮ ಸೊಸೆಯ ಕೈಯಿಂದ ಮಗುವನ್ನು ತೆಗೆದುಕೊಂಡು, ದೃಷ್ಟಿ ನೀವಾಳಿಸಿ, ತಾವೇ ನನ್ನ ತೊಡೆಯ ಮೇಲೆ ಕೂರಿಸಿದರು.

ಕೂತಿದ್ದೇ ತಡ, ನಮ್ಮ ರಾಜಕುಮಾರ ನನ್ನ ರೇಷ್ಮೆ ಸೀರೆಯ ಮೇಲೆ ಬೆಚ್ಚಗೆ ಉಚ್ಚೆ ಹೊಯ್ದ. ಎಲ್ಲರೂ ನಕ್ಕರು, ನಾಗಯ್ಯನೂ ನಕ್ಕರು. ನಾನು ಮೊದಲ ಎಳೆ ಕತ್ತರಿಸಿದೆ, ಉಳಿದದ್ದನ್ನು ಅವರು ತೆಗೆದರು. ನುಣ್ಣಗಾದ ತಲೆಗೆ ಗಂಧ ಬಳಿಯುತ್ತ ಅವರು ಮಾವಂದಿರಿಗೆ ಕೇಳುವ ಮಾತನ್ನು ನನಗೂ ಕೇಳಿದರು. ಸೋದರಮಾವನಾಗಿ ಕೂತವನು ಮುಂದೆ ಅಳಿಯನಿಗೆ ತನ್ನ ಮಗಳನ್ನು ಕೊಡುತ್ತೇನೆ ಅಂತ ನಗೆಮಾತಿಗಾದರೂ ಒಪ್ಪಬೇಕು, ಅದು ವಾಡಿಕೆ.

"ಏನವ್ವಾ ಮಾವ, ನಿಮ್ ಮಗಳ್ನ ಇವ್ನಿಗೇ ಕೊಟ್ಟೀರಾ?"

"ಮದ್ವೆನೇ ಆಗಿಲ್ಲ, ಮಗಳ್ನ ಎಲ್ಲಿಂದ ತಂದಾಳು!" ಅಂದ ಮಲ್ಲಣ್ಣ. ಗೆದ್ದವನ ಹಾಗೆ ನಕ್ಕ. "ಯಾರಿಗ್ ಕೊಟ್ಟಾಳು ಅಂತ ನಾನೂ ಕೇಳವ ಅಂತಿವ್ನಿ. ಯೋಳವ್ವಾ ದೀಪಿ, ಯಾವ್ ಜಾತ್ಯೋರ್ಗೆ?"

ಅಕ್ಕ ತಲೆ ತಗ್ಗಿಸಲಿಲ್ಲ. ಭಾವನ ಪಕ್ಕದಲ್ಲಿ ನೆಟ್ಟಗೆ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಮಗುವನ್ನು ಎದೆಗೆ ಒತ್ತಿಕೊಂಡು, ಇಡೀ ಬಸ್ಸಿಗೆ ಕೇಳುವ ನನ್ನ ಕಂಡಕ್ಟರ್ ಗಂಟಲಿನಲ್ಲಿ ಹೇಳಿದೆ:

"ನಾನು ಯಾರ್ಗೂ ಕೊಡಕಿಲ್ಲ ಕಣಣ್ಣ. ನನ್ ಮಗಳು ಅವ್ಳಿಗೆ ಬೇಕಾದೋನ್ನ ಅವಳೇ ಕಟ್ಕತಳೆ. ಯಾರ್ನೇ ಕಟ್ಕಳ್ಲಿ, ಅವಳ ಕೂಸ್ಗೆ ನಮ್ಮನೇಲಿ ತೊಡೆ ಅದೆ."